ಗೋಪಕಪಟ್ಟಣದ ಮಸೀದಿಗೆ ಸುಂಕದ ಹಣ: ಕೊಂಕಣದ ಹಳೆಯ ರಾಜ್ಯಗಳಲ್ಲಿ ಮುಸ್ಲಿಂ ಸಮುದಾಯ ಬೆಳೆದ ಬಗೆ

ಶಕ ವರ್ಷ 981, ಅಂದರೆ ಕ್ರಿ.ಶ. 1059. ಗೋವೆಯ ಕದಂಬರ ದೊರೆ ಒಂದನೇ ಜಯಕೇಶಿಯ ಕಾಲದ ಒಂದು ತಾಮ್ರಶಾಸನವಿದೆ. ಇತಿಹಾಸಕಾರರು ಅದನ್ನು ಪಣಜಿ ತಾಮ್ರಪಟ ಎನ್ನುತ್ತಾರೆ. ಮನೆದೇವರು ಸಪ್ತಕೋಟೀಶ್ವರ, ಬಿರುದಿನಲ್ಲಿ ಬನವಾಸಿಯ ಹೆಸರು, ಮೇಲೆ ಕಲ್ಯಾಣದ ಚಾಲುಕ್ಯರ ಚಕ್ರಾಧಿಪತ್ಯ. ಇಂಥ ಮನೆತನದ ಶಾಸನದಲ್ಲಿ ‘ಮಿಜಿಗಿತಿ’ಯೊಂದರ ಖರ್ಚಿಗೆ ಬಂದರಿನ ಸುಂಕದಿಂದ ಹಣ ಗೊತ್ತುಮಾಡಿದ್ದಾರೆ. ಮಿಜಿಗಿತಿ ಎಂದರೆ ಮಸೀದಿ. ಅದನ್ನು ಕಟ್ಟಿಸಿದವನು ಛಡಮ ಎಂಬ ಅರಬ್ ಮೂಲದ ಅಧಿಕಾರಿ. ಜಯಕೇಶಿ ಅವನನ್ನು ಕೊಂಕಣದ ಆಡಳಿತಕ್ಕೆ ನೇಮಿಸಿದ್ದ.

ಗೋವಾದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಜಾಗ ದೂರದ್ದಲ್ಲ. ವಾಸ್ಕೋದಿಂದ ಪಣಜಿಗೆ ಹೋಗುವ ಬಸ್ಸು ಕೊರ್ಟಾಲಿಮ್ ದಾಟಿ ಝುವಾರಿ ಸೇತುವೆ ಹತ್ತುತ್ತದೆ, ಆಚೆ ದಡದಲ್ಲಿ ಅಗಸಾಯಿ ಬರುತ್ತದೆ. ಅಲ್ಲಿಂದ ಪಿಲಾರ್ ಗುಡ್ಡದವರೆಗೆ ಹೆದ್ದಾರಿಯ ಎರಡೂ ಬದಿ ಹರಡಿರುವ ನೆಲವೇ ಆಗಿನ ಗೋಪಕಪಟ್ಟಣ. ಈಗಿನ ಹೆಸರು ಗೋವಾ ವೆಲ್ಹಾ. ದೊಡ್ಡ ಚರ್ಚುಗಳಿರುವ ಓಲ್ಡ್ ಗೋವಾ ಬೇರೆ ಊರು, ಅದು ಮಾಂಡವಿ ದಂಡೆಯಲ್ಲಿದೆ. ಕದಂಬರ ರಾಜಧಾನಿ ನೋಡಬೇಕೆಂದು ಹೊರಟವರು ಹೆಸರಿನ ಗೊಂದಲದಲ್ಲಿ ಓಲ್ಡ್ ಗೋವಾಕ್ಕೆ ಹೋಗಿಬಿಡುತ್ತಾರೆ. ಇಳಿಯಬೇಕಾದದ್ದು ಪಿಲಾರ್‌ನಲ್ಲಿ. ಗುಡ್ಡದ ಮೇಲಿನ ಸೆಮಿನರಿಯ ವಸ್ತುಸಂಗ್ರಹಾಲಯದಲ್ಲಿ ಕದಂಬರ ಕಾಲದ ವಸ್ತುಗಳಿವೆ, ಅಲ್ಲಿಂದ ಝುವಾರಿಯ ಬಾಯಿ ಕಣ್ಣೆದುರಿಗೇ ಕಾಣುತ್ತದೆ. ಬಂದರು ಅಲ್ಲೇ ಏಕಿತ್ತು ಎಂಬುದು ಆ ಎತ್ತರದಿಂದ ನೋಡಿದರೆ ತಾನಾಗಿ ತಿಳಿಯುತ್ತದೆ.

ಕರಾವಳಿಯ ಮುಸ್ಲಿಮರ ಬಗ್ಗೆ ಎರಡು ಸಿದ್ಧ ಕಥೆಗಳು ಚಾಲ್ತಿಯಲ್ಲಿವೆ. ದಂಡೆತ್ತಿ ಬಂದರು ಎನ್ನುವುದು ಒಂದು. ನಮ್ಮ ಅರಸರು ಉದಾರಿಗಳಾಗಿದ್ದರು, ಕರುಣೆಯಿಂದ ಜಾಗ ಕೊಟ್ಟರು ಎನ್ನುವುದು ಇನ್ನೊಂದು. ಕ್ರಿ.ಶ. 850ರಿಂದ 1300ರವರೆಗಿನ ಕೊಂಕಣಕ್ಕೆ ಎರಡೂ ಹೊಂದುವುದಿಲ್ಲ. ಅಲ್ಲಿ ಸಮುದಾಯ ಬೆಳೆದದ್ದು ಅರಸನೂ ವ್ಯಾಪಾರಿಯೂ ಕೂಡಿ ಮಾಡಿಕೊಂಡ ಏರ್ಪಾಟುಗಳಿಂದ: ಯಾರ ತಕರಾರು ಯಾರು ತೀರಿಸಬೇಕು, ದೀಪದ ಎಣ್ಣೆಗೆ ದುಡ್ಡು ಎಲ್ಲಿಂದ, ಬಂದರಿನ ಅಧಿಕಾರ ಯಾರ ಕೈಯಲ್ಲಿ. ಈ ಏರ್ಪಾಟುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬೆಳೆದದ್ದು ಹೇಗೆಂದೂ, ಆಮೇಲೆ ಮುರಿದುಬಿದ್ದದ್ದು ಏಕೆಂದೂ ಗೊತ್ತಾಗುತ್ತದೆ.

ಶಾಸನ ಓದುವ ಮೊದಲು

ಮೂರು ವಿಷಯ ಗಮನದಲ್ಲಿರಬೇಕು. ಮೊದಲನೆಯದು ತೇದಿ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ತಿಥಿ ಜನವರಿಯಿಂದ ಚೈತ್ರದೊಳಗೆ ಬಿದ್ದರೆ 79 ಕೂಡಿಸಬೇಕು. ಜತೆಗೆ ಶಾಸನ ಹೇಳುವುದು ಕಳೆದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬ ಪ್ರಶ್ನೆಯೂ ಇರುತ್ತದೆ. ಹಾಗಾಗಿ ಒಂದೇ ಶಾಸನಕ್ಕೆ ಎರಡು ಪುಸ್ತಕಗಳಲ್ಲಿ ಒಂದು ವರ್ಷದ ವ್ಯತ್ಯಾಸ ಕಂಡರೆ ಯಾವುದೋ ಒಂದು ಸುಳ್ಳೆಂದು ತಿಳಿಯಬೇಕಾಗಿಲ್ಲ.

ಎರಡನೆಯದು ಜನರ ಹೆಸರು. ಆಗಿನ ಶಾಸನಗಳು ‘ಮುಸ್ಲಿಂ’ ಎಂಬ ಪದವನ್ನು ಬಳಸುವುದು ಅಪರೂಪ. ಅರಬರನ್ನು ತಾಜಿಕ ಎನ್ನುತ್ತವೆ, ತುರ್ಕರನ್ನು ತುರುಷ್ಕ ಎನ್ನುತ್ತವೆ. ಇವರಿಬ್ಬರನ್ನೂ ಒಂದೇ ಮಾಡಿ ಓದಿದರೆ ಇಡೀ ಚಿತ್ರ ತಲೆಕೆಳಗಾಗುತ್ತದೆ. ಹಡಗಿನಲ್ಲಿ ಬಂದು ಮನೆ ಕಟ್ಟಿದ ತಾಜಿಕರಿಗೂ ಉತ್ತರದಿಂದ ಕುದುರೆ ಏರಿ ಬಂದ ತುರುಷ್ಕರಿಗೂ ನಡುವೆ ನೂರಾರು ವರ್ಷಗಳ ಅಂತರವಿದೆ. ಮುಹಮ್ಮದ್ ಎಂಬ ಹೆಸರು ಒಂದು ಕಡೆ ಮಧುಮತಿ, ಇನ್ನೊಂದು ಕಡೆ ಮಧುಮದ ಎಂದಾಗುತ್ತದೆ, ಅಲಿ ಅಲಿಯಮನಾಗುತ್ತಾನೆ. ಛಡಮನನ್ನು ಹಳೆಯ ವಿದ್ವಾಂಸರು ಸಾದಾನ ಎಂದು ಓದಿದ್ದಾರೆ. ಬೇರೆ ಬೇರೆ ಕಡೆ ಈ ರೂಪಗಳು ಸಿಕ್ಕರೆ ಬೇರೆ ಬೇರೆ ಹೆಸರುಗಳೆಂದು ಎಣಿಸಿಕೊಳ್ಳುವ ತಪ್ಪು ಸುಲಭವಾಗಿ ಆಗುತ್ತದೆ.

ಮೂರನೆಯದು, ತಾಮ್ರಪಟದ ಯಾವ ಭಾಗದಲ್ಲಿ ಏನನ್ನು ನಂಬಬೇಕು ಎಂಬುದು. ಮೊದಲು ದೇವತಾಸ್ತುತಿ, ಆಮೇಲೆ ವಂಶಾವಳಿ, ನಂತರ ದಾನದ ವಿವರ, ಎಲ್ಲೆಕಟ್ಟು, ಸಾಕ್ಷಿಗಳು, ಕೊನೆಗೆ ದಾನ ಕೆಡಿಸಿದವರಿಗೆ ಶಾಪ. ವಂಶಾವಳಿಯಲ್ಲಿ ಹೊಗಳಿಕೆ ಉಕ್ಕುತ್ತದೆ. ದಾನದ ಭಾಗಕ್ಕೆ ಬಂದಾಗ ಬರೆಸಿದವನು ಬಿಗಿಯಾಗುತ್ತಾನೆ, ಏಕೆಂದರೆ ಆಸ್ತಿ ತಗಾದೆ ಬಂದರೆ ಲೆಕ್ಕಕ್ಕೆ ಬರುವುದು ಅದೇ ಭಾಗ. ಸಮುದಾಯದ ಇತಿಹಾಸ ಬೇಕಾದವರು ಅಲ್ಲೇ ಹುಡುಕಬೇಕು.

ಮಾನ್ಯಖೇಟದ ಅರಸರು, ಅರಬರ ‘ಬಲ್ಹರಾ’

ಆರಂಭ ಯುದ್ಧದಿಂದಲೇ ಆಯಿತೆನ್ನಬೇಕು. ಬಾದಾಮಿ ಚಾಲುಕ್ಯರ ಗುಜರಾತ್ ಶಾಖೆಯ ಅವನಿಜನಾಶ್ರಯ ಪುಲಕೇಶಿ ತಾಜಿಕ ಸೇನೆಯನ್ನು ಸೋಲಿಸಿದ ಸಂಗತಿ ಕ್ರಿ.ಶ. 739ರ ಸುಮಾರಿನ ನವಸಾರಿ ಶಾಸನದಲ್ಲಿದೆ. ಸಿಂಧಿನಿಂದ ದಕ್ಷಿಣಕ್ಕೆ ಬರುತ್ತಿದ್ದ ಅರಬ್ ದಂಡು ಅಲ್ಲಿಗೆ ನಿಂತಿತು. ನೆಲದ ದಾರಿ ಮುಚ್ಚಿತು, ಕಡಲ ದಾರಿ ತೆರೆದೇ ಇತ್ತು. ಮುಂದಿನ ನೂರು ವರ್ಷಗಳಲ್ಲಿ ಇದೇ ಕರಾವಳಿ ರಾಷ್ಟ್ರಕೂಟರ ಕೈಗೆ ಬಂತು, ಅರಬ್ ಹಡಗುಗಳು ವ್ಯಾಪಾರಕ್ಕೆ ಬಂದವು.

ರಾಷ್ಟ್ರಕೂಟ ಅರಸನನ್ನು ಅರಬ್ ಬರಹಗಾರರು ಬಲ್ಹರಾ ಎನ್ನುತ್ತಾರೆ. ‘ವಲ್ಲಭರಾಜ’ ಅವರ ಬಾಯಲ್ಲಿ ಹಾಗಾಗಿದೆ. ಕ್ರಿ.ಶ. 851ರ ಬರಹವೊಂದರಲ್ಲಿ ವರ್ತಕ ಸುಲೈಮಾನನ ಹೆಸರಿನಲ್ಲಿ ಬಂದಿರುವ ಮಾತಿನ ಪ್ರಕಾರ ಬಲ್ಹರಾನಷ್ಟು ಅರಬರನ್ನು ಮೆಚ್ಚುವ ಅರಸ ಮತ್ತೊಬ್ಬನಿಲ್ಲ. ಅರಬರ ಮೇಲಿನ ಈ ಪ್ರೀತಿಯಿಂದಲೇ ತಮ್ಮ ದೊರೆಗಳು ದೀರ್ಘಕಾಲ ಆಳುತ್ತಾರೆಂದು ಅಲ್ಲಿನ ಜನ ನಂಬುತ್ತಾರಂತೆ. ಆಗ ಮಾನ್ಯಖೇಟದಲ್ಲಿ ಇದ್ದವನು ಅಮೋಘವರ್ಷ ನೃಪತುಂಗ, ಅವನು ಆಳಿದ್ದು 60 ವರ್ಷಕ್ಕೂ ಮೇಲೆ. ಹೊಗಳಿಕೆಯ ಹಿಂದೆ ರಾಜಕೀಯವೂ ಇತ್ತು. ರಾಷ್ಟ್ರಕೂಟರಿಗೆ ಉತ್ತರದಲ್ಲಿ ಗುರ್ಜರ ಪ್ರತೀಹಾರರು ಕಡುವೈರಿಗಳು, ಸಿಂಧಿನ ಅರಬರಿಗೂ ಅವರೇ ವೈರಿಗಳು. ಗುರ್ಜರದ ಅರಸನಿಗೆ ಅರಬರ ಮೇಲೆ ಹಗೆ ಎಂದು ಸುಲೈಮಾನನ ಬರಹವೇ ಹೇಳುತ್ತದೆ. ವೈರಿಯ ವೈರಿಗೆ ಬಂದರು ತೆರೆದಿಟ್ಟರೆ ಕುದುರೆಯೂ ಬರುತ್ತದೆ, ಸುಂಕವೂ ಬರುತ್ತದೆ.

ಅಲ್ ಮಸೂದಿ ಎಂಬ ಬಗ್ದಾದಿನ ಪ್ರವಾಸಿ ಕ್ರಿ.ಶ. 916ರ ಸುಮಾರಿಗೆ ಸೈಮೂರಿಗೆ ಬಂದಿದ್ದ. ಸೈಮೂರ್ ಎಂದರೆ ಇಂದಿನ ಚೌಲ್. ಮುಂಬೈಯಿಂದ ದಕ್ಷಿಣಕ್ಕೆ, ಅಲಿಬಾಗ್ ದಾಟಿ ರೇವದಂಡಾ ಪಕ್ಕದಲ್ಲಿರುವ ಊರು. ಆ ಊರಿನಲ್ಲಿ ಸುಮಾರು 10,000 ಮುಸ್ಲಿಮರಿದ್ದಾರೆಂದು ಅವನು ಬರೆಯುತ್ತಾನೆ. ಅದು ಜನಗಣತಿಯಲ್ಲ, ನೋಡಿದವನ ಅಂದಾಜು. ಎಣಿಕೆಗಿಂತ ಅವನು ಕೊಡುವ ವಿಂಗಡಣೆ ಹೆಚ್ಚು ಬೆಲೆಯುಳ್ಳದ್ದು: ಪರ್ಷಿಯನ್ ಕೊಲ್ಲಿಯ ಬಂದರು ಸಿರಾಫ್, ಓಮಾನ್, ಬಸ್ರಾ, ಬಗ್ದಾದಿನಿಂದ ಬಂದು ನಿಂತವರು ಒಂದು ಗುಂಪು; ಇಲ್ಲೇ ಮುಸ್ಲಿಂ ತಂದೆತಾಯಿಗೆ ಹುಟ್ಟಿದ ‘ಬಯಾಸಿರ’ರು ಇನ್ನೊಂದು ಗುಂಪು. ಅಂದರೆ 916ಕ್ಕೆ ಮೊದಲೇ ಇಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆದಿತ್ತು. ಬಲ್ಹರಾನ ರಾಜಧಾನಿ ಮಾಂಕೀರಿನ ಭಾಷೆ ‘ಕೀರಿಯಾ’ ಎಂದೂ ಅವನು ಬರೆದಿದ್ದಾನೆ. ಅದು ಕನ್ನಡವೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ವ್ಯಾಪಾರಿ ಊರಿನವನಾಗುವುದು ಹೇಗೆ

ಮೊದಲ ಕಾರಣ ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕರಾವಳಿಯ ಬಂದರುಗಳು ಮುಚ್ಚಿದಂತೆಯೇ. ನೈಋತ್ಯದ ಗಾಳಿ ಇಳಿಯುವ ಹೊತ್ತಿಗೆ ಅರಬ್ ಕಡೆಯ ಹಡಗು ಬರಬೇಕು, ಚಳಿಗಾಲದ ಈಶಾನ್ಯ ಗಾಳಿ ಹಿಡಿದು ವಾಪಸು ಹೊರಡಬೇಕು. ಗಾಳಿ ಹದವಾಗಿದ್ದರೆ ಮಸ್ಕತ್‌ನಿಂದ ಕೊಲ್ಲಂಗೆ ಒಂದು ತಿಂಗಳ ಪ್ರಯಾಣ ಎಂದು ಆ ಕಾಲದ ಲೆಕ್ಕ. ಆದರೆ ಮಾಲು ಮಾರಿ, ಸಾಲ ವಸೂಲು ಮಾಡಿ, ತೇಗ, ಮೆಣಸು, ಹತ್ತಿಬಟ್ಟೆ ಕೂಡಿಸುವುದು ಆ ಕೆಲವೇ ತಿಂಗಳಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಮುಂದಿನ ಗಾಳಿಯವರೆಗೆ ಇಲ್ಲೇ. ಹಡಗಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು; ಆ ಹೊಲಿಗೆ ಬಿಚ್ಚಿ ಮತ್ತೆ ಬಿಗಿಯುವುದಕ್ಕೂ ನಾರು, ಎಣ್ಣೆ, ಆಳು, ಸಮಯ ಬೇಕು. ಹೀಗೆ ಪ್ರತಿ ದೊಡ್ಡ ಮನೆತನವೂ ಒಬ್ಬ ಮಗನನ್ನೋ ನಂಬುಗೆಯ ಗುಮಾಸ್ತನನ್ನೋ ದಡದಲ್ಲಿ ಬಿಟ್ಟುಹೋಗುತ್ತಿತ್ತು. ಮಾಲು ಅಗ್ಗವಾದಾಗ ಕೊಂಡು ಗೋದಾಮಿನಲ್ಲಿ ತುಂಬಿಡುವುದು ಅವನ ಕೆಲಸ. ಅವನು ಮನೆ ಹಿಡಿದ, ಇಲ್ಲಿಯ ಹೆಣ್ಣನ್ನು ಮದುವೆಯಾದ, ಮಕ್ಕಳು ಇಲ್ಲಿಯ ಮಾತನ್ನೇ ಆಡಿದರು.

ಎರಡನೆಯದು ನ್ಯಾಯ. ಸೈಮೂರಿನ ಮುಸ್ಲಿಮರಿಗೆ ‘ಹುನರ್ಮನ್’ ಎಂಬ ಮುಖ್ಯಸ್ಥನಿದ್ದ. ಸಮುದಾಯದ ಪ್ರಮುಖನೊಬ್ಬನನ್ನೇ ಅರಸ ಆ ಹುದ್ದೆಗೆ ನೇಮಿಸುತ್ತಿದ್ದ. ಒಳಗಿನ ವ್ಯಾಜ್ಯ, ಆಸ್ತಿಪಾಲು, ಸತ್ತ ವರ್ತಕನ ಸರಕಿನ ವಿಲೇವಾರಿ ಇಂಥವೆಲ್ಲ ಅವನ ಮುಂದೆ ಬರುತ್ತಿದ್ದವು. ಬಲ್ಹರಾನ ಊರುಗಳಲ್ಲಿ ಮುಸ್ಲಿಮರ ಮೇಲೆ ಅಧಿಕಾರ ನಡೆಸುವವನು ಮುಸ್ಲಿಮನೇ ಎಂದು ಅರಬ್ ಭೂಗೋಳಕಾರ ಇಬ್ನ್ ಹೌಕಲ್ ಕೂಡ ಬರೆದಿದ್ದಾನೆ. ಇವತ್ತು ವಾಸ್ಕೋ ಬಳಿಯ ಬೈನಾಕ್ಕೋ ಝುವಾರಿನಗರಕ್ಕೋ ಗದಗ, ಬಾಗಲಕೋಟೆಯಿಂದ ಬಂದ ಕುಟುಂಬ ಮೊದಲು ಊರಕಡೆಯ ಮುಖಂಡನೊಬ್ಬನನ್ನು ಹುಡುಕಿಕೊಳ್ಳುವಂತೆಯೇ ಇದೂ. ವ್ಯತ್ಯಾಸವೆಂದರೆ ಹುನರ್ಮನನ ಮಾತಿಗೆ ಅರಸನ ಮುದ್ರೆಯಿತ್ತು. ಅರಸನಿಗೆ ಇದರಿಂದ ಏನು ಲಾಭ? ತನಗೆ ತಿಳಿಯದ ಕಾನೂನಿನ ತಕರಾರು ತಲೆಗೆ ಬರುವುದಿಲ್ಲ, ಏನಾದರೂ ಕೆಟ್ಟರೆ ಕರೆದು ಕೇಳಲು ಒಬ್ಬ ಹೊಣೆಗಾರ ಇರುತ್ತಾನೆ. ವರ್ತಕನಿಗೆ, ತಾನು ಪರದೇಶದಲ್ಲಿ ಸತ್ತರೂ ಸರಕು ಮನೆಗೆ ಮುಟ್ಟುತ್ತದೆಂಬ ಧೈರ್ಯ. ನನ್ನ ಮಟ್ಟಿಗೆ ಈ ಒಂದು ಹುದ್ದೆಯೇ ಮಿಕ್ಕ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು.

ಮೂರನೆಯದು ಶುಕ್ರವಾರದ ನಮಾಜು. ಕೊಂಕಣ, ಭಟ್ಕಳ, ಮಲಬಾರಿನ ಕರಾವಳಿ ಮುಸ್ಲಿಮರು ಇಂದಿಗೂ ಹೆಚ್ಚಾಗಿ ಶಾಫಿ ಪಂಥದವರು. ಆ ಪಂಥದ ಪ್ರಕಾರ ಜುಮಾ ನಮಾಜು ಸಿಂಧುವಾಗಬೇಕಾದರೆ ಊರಿನಲ್ಲಿ ಕಾಯಂ ವಾಸವಿರುವ 40 ವಯಸ್ಕ ಗಂಡಸರು ಸೇರಬೇಕು. ಹಡಗಿನಿಂದ ಇಳಿದ ನೂರು ಜನ ಪ್ರಯಾಣಿಕರಿದ್ದರೂ ಎಣಿಕೆಗೆ ಸೇರುವುದಿಲ್ಲ. ಆದ್ದರಿಂದ ಒಂದು ಊರಿನಲ್ಲಿ ಜಾಮಿ ಮಸೀದಿ ಇದೆ ಎಂದು ಹಳೆಯ ಬರಹಗಾರ ಹೇಳಿದರೆ ಅದು ನೆಲೆನಿಂತ ಕುಟುಂಬಗಳ ಗುರುತು. ಇಸ್ತಖ್ರಿ ಮತ್ತು ಇಬ್ನ್ ಹೌಕಲ್ 10ನೇ ಶತಮಾನದಲ್ಲಿ ಬಲ್ಹರಾನ ಊರುಗಳಲ್ಲಿ ಇಂಥ ಮಸೀದಿಗಳಿರುವುದನ್ನು ದಾಖಲಿಸಿದ್ದಾರೆ.

ಸಂಜಾಣದ ಮಧುಮತಿ

ಮುಂಬೈಯ ಉತ್ತರಕ್ಕೆ, ಡಹಾಣು ತಾಲ್ಲೂಕಿನ ಚಿಂಚಣಿಯಲ್ಲಿ 20ನೇ ಶತಮಾನದ ನಡುವೆ ಕೆಲವು ತಾಮ್ರಪಟಗಳು ಸಿಕ್ಕವು. ಅವುಗಳಲ್ಲಿ ಹಳೆಯದು ಶಕ 848ರದು, ಅಂದರೆ ಕ್ರಿ.ಶ. 926, ರಾಷ್ಟ್ರಕೂಟ ಮೂರನೇ ಇಂದ್ರನ ಕಾಲ. ಸಂಯಾನ ಮಂಡಲ, ಅಂದರೆ ಇಂದಿನ ಸಂಜಾಣದ ಸುತ್ತಿನ ನಾಡನ್ನು ಆಳುತ್ತಿದ್ದವನು ತಾಜಿಕ ವಂಶದ ಮಧುಮತಿ, ಇನ್ನೊಂದು ಹೆಸರು ಸುಗತಿಪ. ಅವನನ್ನು ನೇಮಿಸಿದ್ದವನು ಎರಡನೇ ಕೃಷ್ಣ. ಸುತ್ತಲ ಬಂದರುಗಳ ಒಡೆಯರನ್ನು ಸೋಲಿಸಿ ಅಲ್ಲಿ ತನ್ನ ಅಧಿಕಾರಿಗಳನ್ನು ಇಟ್ಟನೆಂದು ಶಾಸನ ಹೇಳುತ್ತದೆ. ನದಿ ದಾಟಲು ಪುಕ್ಕಟೆ ದೋಣಿ ಇರಿಸಿದ. ದಾರಿಹೋಕರಿಗೆ ಅನ್ನ, ಮೇಲೋಗರ, ತುಪ್ಪದ ಊಟ ಹಾಕುವ ಸತ್ರ ನಡೆಸಿದ. ಬ್ರಾಹ್ಮಣನೊಬ್ಬ ಭಗವತೀ ದೇವಿಗಾಗಿ ಕಟ್ಟಿಸಿದ ಮಠಿಕೆಗೆ (ಚಿಕ್ಕ ಮಠಕ್ಕೆ) ಕಣಡುಕ ಎಂಬ ಹಳ್ಳಿಯನ್ನು ಬಿಟ್ಟುಕೊಟ್ಟ. ಆ ಉತ್ಪತ್ತಿ ಕಟ್ಟಡದ ರಿಪೇರಿಗೆ, ದೇವಿಯ ನೈವೇದ್ಯಕ್ಕೆ, ಬ್ರಾಹ್ಮಣರ ಊಟಕ್ಕೆ ಹೋಗಬೇಕು. ದಾನಕ್ಕೆ ಮೇಲಿನ ದೊರೆಯ ಒಪ್ಪಿಗೆ ಪಡೆದಿದ್ದಾನೆ.

739ರಲ್ಲಿ ತಾಜಿಕರನ್ನು ಸೋಲಿಸಿದ ಕರಾವಳಿಯಲ್ಲೇ 926ರಲ್ಲಿ ತಾಜಿಕನೊಬ್ಬ ದೇವಿಯ ಮಠಿಕೆಗೆ ಹಳ್ಳಿ ಕೊಡುತ್ತಿದ್ದಾನೆ. ನಡುವೆ 187 ವರ್ಷ. ಮಧುಮತಿ ಮತ ಬದಲಿಸಿದ್ದನೇ ಎಂದು ಕೆಲವರು ಕೇಳುತ್ತಾರೆ. ಶಾಸನ ಹಾಗೆ ಹೇಳುವುದಿಲ್ಲ. ಅವನು ಮಾಡಿದ್ದು ಮಂಡಲದ ಒಡೆಯ ಮಾಡಬೇಕಾದ ಕೆಲಸ. ದೋಣಿ, ಸತ್ರ, ದೇವದಾನ ಇವು ಆ ಕಾಲದ ಆಡಳಿತದ ಅಂಗ. ಮಾಡದಿದ್ದರೆ ನಾಡಿನ ಹಿರಿಯರು ಅವನನ್ನು ಒಡೆಯನೆಂದು ಒಪ್ಪುತ್ತಿರಲಿಲ್ಲ.

ಇದೇ ಚಿಂಚಣಿಯ ಇನ್ನೊಂದು ಪಟ ಶಕ 956ರದು (1034). ಶಿಲಾಹಾರರ ಅಧೀನದ ಚಾಮುಂಡರಾಜ ಮಠಿಕೆಗೆ ಒಂದು ಎಣ್ಣೆಗಾಣ ದಾನ ಕೊಡುತ್ತಾನೆ. ದಾನವನ್ನು ಯಾರ ಎದುರು ಸಾರಲಾಯಿತೋ ಆ ಊರ ಪ್ರಮುಖರ ಪಟ್ಟಿಯಲ್ಲಿ ಅಲ್ಲಿಯ, ಮಹರ, ಮಧುಮತ ಎಂಬ ಹೆಸರುಗಳಿವೆ. ಇವರನ್ನು ‘ಹಂಜಮನ’ ಪೌರರೆಂದು ಕರೆದಿದೆ. ಹಂಜಮನರು ಪಾರ್ಸಿಗಳೆಂದು ಒಂದು ವಾದ, ಅರಬ್ ವರ್ತಕರೂ ಅದರಲ್ಲಿ ಸೇರಿದ್ದರೆಂದು ಇನ್ನೊಂದು. ಹೆಸರುಗಳನ್ನು ನೋಡಿದರೆ ಎರಡನೆಯದೇ ಸರಿಯೆನಿಸುತ್ತದೆ. ಒಬ್ಬ ಮಂಡಲಾಧಿಪತಿ ಮೆರೆಯುವುದು ಅರಸನ ಮರ್ಜಿ. ಊರಿನ ಸಭೆಯಲ್ಲಿ ಹೆಸರು ಬರುವುದು ಸಮುದಾಯ ಬೇರುಬಿಟ್ಟದ್ದಕ್ಕೆ ಗಟ್ಟಿ ಸಾಕ್ಷಿ.

ಗೋವೆಯ ಛಡಮ

ಈಗ ಜಯಕೇಶಿಯ ತಾಮ್ರಪಟಕ್ಕೆ ಬರೋಣ. ಅದರಲ್ಲಿ ಒಂದು ಹಿನ್ನೆಲೆಯಿದೆ. ಕದಂಬ ದೊರೆ ಗುಹಲ್ಲದೇವ ಕಡಲ ಮೇಲೆ ಸೋಮನಾಥನ ಯಾತ್ರೆಗೆ ಹೊರಟಾಗ ಹಡಗಿನ ಕೂವೆಮರ ಮುರಿಯಿತು. ತಾಜಿಕ ವರ್ತಕ ಮಧುಮದ ನೆರವಿಗೆ ಬಂದ. ಆ ಋಣ ಮನೆತನದ ನೆನಪಿನಲ್ಲಿ ಉಳಿಯಿತು. ಅಲಿಯಮ, ಅವನ ಮಗ ಮಧುಮದ, ಅವನ ಮಗ ಛಡಮ, ಹೀಗೆ ಮೂರು ತಲೆಮಾರು ಶಾಸನದಲ್ಲಿ ಕಾಣುತ್ತವೆ. ವರ್ತಕನ ಮನೆ ಆಳುವವರ ಮನೆಯಾಗಲು ಹಿಡಿದ ಕಾಲ ಅಷ್ಟು.

ಜಯಕೇಶಿ ಛಡಮನನ್ನೇ ಏಕೆ ಆರಿಸಿದ? ಕದಂಬರು ಚಂದ್ರಾಪುರದಿಂದ, ಅಂದರೆ ಇಂದಿನ ಚಾಂದೋರ್‌ನಿಂದ, ರಾಜಧಾನಿಯನ್ನು ಗೋಪಕಪಟ್ಟಣಕ್ಕೆ ತಂದದ್ದು ಇದೇ 11ನೇ ಶತಮಾನದ ನಡುಭಾಗದಲ್ಲಿ. ಒಳನಾಡಿನ ನದಿದಂಡೆ ಬಿಟ್ಟು ಝುವಾರಿಯ ಬಾಯಿಗೆ ಬಂದದ್ದೇ ಕಡಲ ವ್ಯಾಪಾರಕ್ಕಾಗಿ. ಹೊಸ ಬಂದರಿಗೆ ಹಡಗು ತಾನಾಗಿ ಬರುವುದಿಲ್ಲ. ಥಾಣೆ, ಸೋಪಾರಾ, ಚೌಲ್‌ಗಳಲ್ಲಿ ಆಗಲೇ ಗೋದಾಮು, ದಲ್ಲಾಳಿ, ಸಾಲದ ನಂಟು ಎಲ್ಲ ಇದ್ದವು. ಅಲ್ಲಿಂದ ವ್ಯಾಪಾರ ಎಳೆದು ತರಬೇಕಾದರೆ ವರ್ತಕರು ನಂಬುವ ಮನುಷ್ಯ ಬೇಕು. ಭಾಷೆ, ತೂಕ, ಹಡಗಿನ ಬೆಲೆ ಎಲ್ಲ ಬಲ್ಲವನಾಗಿರಬೇಕು. ಹಿಂದೆ ದೊಡ್ಡ ಜಮೀನು, ಬಂಧುಬಳಗದ ಸೇನೆ ಇಲ್ಲದವನಾದರೆ ಇನ್ನೂ ಒಳ್ಳೆಯದು, ಅಂಥವನು ದೊರೆಗೆ ಎದುರು ನಿಲ್ಲಲಾರ. ಛಡಮ ಇದೆಲ್ಲಕ್ಕೂ ಹೊಂದುತ್ತಿದ್ದ.

ಮಸೀದಿಯ ಏರ್ಪಾಟು ಹೀಗಿತ್ತು: ಬಂದರಿಗೆ ಬರುವ ಹಡಗು, ದೋಣಿಗಳ ಮೇಲೆ ಸುಂಕ, ಆ ಸುಂಕದಿಂದ ಮಸೀದಿಯ ಖರ್ಚು. ಯಾವ ಕಡೆಯ ಹಡಗುಗಳು ಎಂಬುದನ್ನೂ ಶಾಸನ ಹೆಸರಿಸಿ ಹೇಳುತ್ತದೆ: ಗುರ್ಜರ, ಸೌರಾಷ್ಟ್ರ, ಕೊಂಕಣದ ಚಿಪ್ಪಳೋಣ (ಇಂದಿನ ಚಿಪಳೂಣ), ಪಾಂಡ್ಯ, ಕೇರಳ, ಸಿಂಹಳ. ಗಮನಿಸಬೇಕಾದದ್ದು, ಸುಂಕ ಬಿದ್ದದ್ದು ಹಡಗು ಎಲ್ಲಿಂದ ಬಂತೆಂಬುದರ ಮೇಲೆ. ಗುಜರಾತಿನ ಜೈನ ಶೆಟ್ಟಿಯ ಹಡಗೂ ಸಿಂಹಳದ ಹಡಗೂ ಬಂದರು ಬಳಸಿದ್ದಕ್ಕೆ ಒಂದೇ ನಿಯಮಕ್ಕೆ ಒಳಪಟ್ಟವು. ದೊರೆಯ ಬೊಕ್ಕಸದಿಂದ ನೇರ ಹೊರೆ ಇಲ್ಲ, ಹೊಲಗದ್ದೆ ಕಿತ್ತುಕೊಂಡದ್ದಿಲ್ಲ. ಮಸೀದಿ ಇದ್ದರೆ ಅರಬ್ ಹಡಗು ಹೆಚ್ಚು ಬರುತ್ತವೆ, ಹಡಗು ಬಂದರೆ ಸುಂಕ ಏರುತ್ತದೆ, ಸುಂಕದ ಒಂದು ಪಾಲು ಮಸೀದಿಗೆ. ವ್ಯವಸ್ಥೆ ತನ್ನನ್ನು ತಾನೇ ಸಾಕಿಕೊಳ್ಳುತ್ತಿತ್ತು. ಇದರ ದೌರ್ಬಲ್ಯವೂ ಇದೇ: ಹಡಗು ನಿಂತ ದಿನ ಮಸೀದಿಯ ದೀಪವೂ ನಿಲ್ಲುತ್ತದೆ.

ಮಸೀದಿಯೊಂದಕ್ಕೆ ಖರ್ಚು ಏನೇನಿರುತ್ತದೆಂದು ತಿಳಿಯಲು ಸ್ವಲ್ಪ ಉತ್ತರಕ್ಕೆ, ಎರಡು ಶತಮಾನ ಮುಂದಕ್ಕೆ ಹೋಗಬೇಕು. 1264ರಲ್ಲಿ ಹೊರ್ಮುಜಿನ ಹಡಗೊಡೆಯ ನೂರುದ್ದೀನ್ ಫಿರೂಜ್ ಸೋಮನಾಥದಲ್ಲೇ ಜಮೀನು ಪಡೆದು ಮಸೀದಿ ಕಟ್ಟಿಸಿದ. ವಾಘೇಲ ಅರ್ಜುನದೇವನ ಆಳ್ವಿಕೆ. ವೆರಾವಲ್‌ನಲ್ಲಿ ಸಿಕ್ಕಿರುವ ಅದರ ಸಂಸ್ಕೃತ ಶಾಸನದಲ್ಲಿ ಹಿಜರಿ 662, ವಿಕ್ರಮ 1320, ವಲಭಿ 945, ಸಿಂಹ 151 ಎಂದು ನಾಲ್ಕು ತೇದಿಗಳಿವೆ. ಯಾವ ಲೆಕ್ಕದವನೂ ಮುಂದೆ ತಗಾದೆ ತೆಗೆಯದಿರಲಿ ಎಂಬ ಮುಂದಾಲೋಚನೆ. ಆದಾಯಕ್ಕೆ ಮನೆ, ಅಂಗಡಿ, ಒಂದು ಎಣ್ಣೆಗಾಣ ಬಿಟ್ಟಿದ್ದಾರೆ. ಖರ್ಚಿನ ಪಟ್ಟಿಯಲ್ಲಿ ದೀಪದ ಎಣ್ಣೆ, ನೀರು, ಇಮಾಮ, ಬಾಂಗು ಕೂಗುವವನು, ಕುರಾನ್ ಓದುವವನು, ಹಬ್ಬದ ರಾತ್ರಿಗಳು, ವರ್ಷಾವರ್ಷದ ರಿಪೇರಿ ಇವೆ. ಮಿಕ್ಕಿದ್ದು ಮೆಕ್ಕಾ ಮದೀನಾಗಳಿಗೆ. ನೋಡಿಕೊಳ್ಳುವ ಹೊಣೆ ಹಲವು ಜಮಾತ್‌ಗಳದ್ದು, ಅವುಗಳಲ್ಲಿ ಹಡಗಿನವರ ಜತೆ ಗಾಣಿಗರೂ ಸುಣ್ಣದ ಕೆಲಸದವರೂ ಇದ್ದಾರೆ. ಗಾಣಿಗರು, ಸುಣ್ಣಗಾರರು ಹಡಗಿನಲ್ಲಿ ಇಳಿದು ಬಂದವರಲ್ಲ. 13ನೇ ಶತಮಾನಕ್ಕೆ ಸಮುದಾಯ ಊರಿನ ಕಸುಬುಗಳೊಳಕ್ಕೆ ಇಳಿದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಎಲ್ಲಿ ಕೆಟ್ಟಿತು

ಜಯಕೇಶಿಯ ಮಗಳು ಮಯಣಲ್ಲದೇವಿ ಗುಜರಾತಿನ ಚೌಲುಕ್ಯ ಕರ್ಣನನ್ನು ಮದುವೆಯಾದಳು. ಅವರ ಮಗ ಸಿದ್ಧರಾಜ ಜಯಸಿಂಹ. ಅವನ ಕಾಲದಲ್ಲಿ ಖಂಭಾತ್ ಬಂದರಿನ ಮಸೀದಿಗೆ ಬೆಂಕಿ ಬಿತ್ತು, ಮಿನಾರು ಉರುಳಿತು, 80 ಮುಸ್ಲಿಮರು ಸತ್ತರು ಎಂದು 13ನೇ ಶತಮಾನದ ಪರ್ಷಿಯನ್ ಬರಹಗಾರ ಔಫಿ ಬರೆದಿದ್ದಾನೆ. ಮಸೀದಿಯ ಖತೀಬ (ಪ್ರವಚನಕಾರ) ಅಲಿ ಎಂಬವನು ರಾಜನಿಗೆ ದೂರು ಕೊಟ್ಟ. ರಾಜ ಯಾರಿಗೂ ಹೇಳದೆ ವ್ಯಾಪಾರಿಯ ವೇಷದಲ್ಲಿ ಖಂಭಾತ್‌ಗೆ ಹೋಗಿ ಪೇಟೆಯಲ್ಲಿ ವಿಚಾರಿಸಿ, ದೂರು ನಿಜವೆಂದು ಕಂಡು, ತಪ್ಪಿತಸ್ಥರ ಮುಂದಾಳುಗಳನ್ನು ಶಿಕ್ಷಿಸಿ, ಕಟ್ಟಡಕ್ಕೆ ಒಂದು ಲಕ್ಷ ಬಾಲೋತ್ರ ನಾಣ್ಯ ಕೊಟ್ಟನಂತೆ. ಕಥೆಯ ಅಲಂಕಾರ ಕಳೆದರೂ ಎರಡು ಸಂಗತಿ ಉಳಿಯುತ್ತವೆ. ವ್ಯಾಪಾರದ ಪೈಪೋಟಿ ಇದ್ದ ಊರಿನಲ್ಲಿ ಅಲ್ಪಸಂಖ್ಯಾತರ ಮೇಲೆ ಗಲಭೆ ಏಳುತ್ತಿತ್ತು. ಅರಸ ಸ್ವತಃ ಎದ್ದು ನಿಂತರೆ ಮಾತ್ರ ನ್ಯಾಯ ಸಿಗುತ್ತಿತ್ತು.

ಎರಡನೆಯ ಅಪಾಯ ಕಡಲಾಚೆಯದು. 977ರ ಭೂಕಂಪದಲ್ಲಿ ಸಿರಾಫ್ ಹಾಳಾಯಿತು, ವ್ಯಾಪಾರ ಕೀಶ್, ಆಮೇಲೆ ಹೊರ್ಮುಜ್ ಕಡೆಗೆ ಸರಿಯಿತು. ಒಂದು ಬಂದರನ್ನೇ ನೆಚ್ಚಿದ ಮನೆತನಗಳು ಇಲ್ಲಿಯೂ ಬಡವಾದವು.

ಮೂರನೆಯದು ಹೂಳು. ಝುವಾರಿಯ ಗೋಪಕಪಟ್ಟಣ ಕ್ರಮೇಣ ಹೂಳು ತುಂಬಿ ದೊಡ್ಡ ಹಡಗಿಗೆ ಆಗದಂತಾಯಿತು. 14ನೇ ಶತಮಾನದಲ್ಲಿ ದೆಹಲಿಯ ದಂಡು, ಅದರ ಬೆನ್ನಿಗೇ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ದಾಳಿ. ಗೋವೆಯ ದೊರೆಗೂ ಅವನ ಮಗನಿಗೂ ಜಗಳವಾಗಿ, ಮಗನೇ ಹೊನ್ನಾವರದವನನ್ನು ಕರೆದಿದ್ದ. 52 ಹಡಗುಗಳ ಆ ದಂಡಿನಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಇದ್ದ. ಇದೇ ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ನೋಡಿದ್ದಾಗಿ ಅವನು ಬರೆದಿದ್ದಾನೆ. ಅರಸನ ಆಶ್ರಯದಲ್ಲಿದ್ದ ಸಮುದಾಯ ತಾನೇ ಸೇನೆ ಕಟ್ಟಿ ರಾಜಕೀಯಕ್ಕೆ ಇಳಿದ ಮೇಲೆ ಹಳೆಯ ಒಪ್ಪಂದದ ಅರ್ಥವೇ ಬದಲಾಯಿತು. ಗೋವೆ ವಿಜಯನಗರಕ್ಕೆ, 1472ರಲ್ಲಿ ಬಹಮನಿಗಳ ಮಹಮೂದ್ ಗವಾನನಿಗೆ, ಆಮೇಲೆ ಬಿಜಾಪುರಕ್ಕೆ ಕೈ ಬದಲಾಯಿಸಿತು.

ನಾಲ್ಕನೆಯದು ಕುದುರೆ. ಭಟ್ಕಳ, ಹೊನ್ನಾವರಗಳ ನವಾಯತ (ಕರಾವಳಿಯ ಮುಸ್ಲಿಂ ಸಮುದಾಯ) ವರ್ತಕರು ಕುದುರೆಗಳನ್ನು ಬಹಮನಿಗಳಿಗೆ ಮಾರಿದರೆಂದು 1470ರ ದಶಕದ ಕೊನೆಗೆ ವಿಜಯನಗರದ ಅರಸ ಅವರ ಕಗ್ಗೊಲೆಗೆ ಆಜ್ಞೆ ಮಾಡಿದ, ಉಳಿದವರು ಗೋವೆಗೆ ಓಡಿಬಂದರು ಎಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ದಾಖಲಿಸಿದ್ದಾನೆ. ಇದೇ ವಿಜಯನಗರದಲ್ಲಿ 1439ರಲ್ಲಿ ಇಮ್ಮಡಿ ದೇವರಾಯನ ಸೇವಕ ಅಹಮದ್ ಖಾನ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ, ಅದರ ಶಾಸನ ಕನ್ನಡದಲ್ಲಿದೆ. 40 ವರ್ಷದೊಳಗೆ ಎರಡೂ ನಡೆದವು. ಯುದ್ಧಸಾಮಗ್ರಿ ಪೂರೈಸುವ ಸಮುದಾಯಕ್ಕೆ ಅರಸನ ಪ್ರೀತಿ ಎಷ್ಟು ಬೇಗ ಸಿಗುತ್ತದೋ ಅಷ್ಟೇ ಬೇಗ ಅನುಮಾನವೂ ಅಂಟುತ್ತದೆ.

ಕೊನೆಯ ಪೆಟ್ಟು 1510. ನವೆಂಬರ್ 25ರಂದು ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಗೋವೆಯನ್ನು ಎರಡನೇ ಸಲ ಗೆದ್ದ. ನಾಲ್ಕು ದಿನ ಮುಸ್ಲಿಮರನ್ನು ಹುಡುಕಿ ಕೊಲ್ಲಿಸಿದ್ದಾಗಿಯೂ, ಸತ್ತವರು ಹೆಂಗಸರೂ ಸೇರಿ 6,000 ಎಂದೂ ತನ್ನ ದೊರೆಗೆ ತಾನೇ ಪತ್ರ ಬರೆದ. ಗೋಪಕಪಟ್ಟಣವೂ ಓಲ್ಡ್ ಗೋವಾವೂ ಇರುವ ತಿಸ್ವಾಡಿಯಲ್ಲಿ ಐದು ಶತಮಾನಗಳ ನೆಲೆ ಅಲ್ಲಿಗೆ ಕಡಿದುಹೋಯಿತು. ಛಡಮನ ಮಸೀದಿಯ ಕಲ್ಲು ಯಾವುದೆಂದು ಇಂದು ಯಾರೂ ಬೆರಳಿಟ್ಟು ತೋರಿಸಲಾರರು.

ಬಿಜಾಪುರದ ಕೈಯಲ್ಲೇ ಉಳಿದ ಫೋಂಡಾ, ಡಿಚೋಲಿ ಕಡೆ ಮಾತ್ರ ಸಮುದಾಯ ಮುಂದುವರಿಯಿತು. ಫೋಂಡಾದ ಸಫಾ ಮಸೀದಿ 1560ರದು, ಒಂದನೇ ಅಲಿ ಆದಿಲ್ ಶಾಹನ ಕಾಲ. ಪಕ್ಕದ ಕಲ್ಯಾಣಿಯ ಮುರಕಲ್ಲಿನ ಗೋಡೆಗಳಲ್ಲಿ ಕಮಾನು ಗೂಡುಗಳನ್ನು ಇಳಿದು ನೋಡಬಹುದು. ಫೋಂಡಾ ಪೋರ್ಚುಗೀಸರ ಕೈಸೇರಿದ್ದು 1763ರಲ್ಲಿ, ಆ ಹೊತ್ತಿಗೆ ಅವರ ಮತಾಂತರದ ಉಬ್ಬರ ಇಳಿದಿತ್ತು.

2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆಯ ಶೇ. 8.33ರಷ್ಟು ಮುಸ್ಲಿಮರು. ಇವರಲ್ಲಿ ದೊಡ್ಡ ಪಾಲು ಗೋವಾ ಭಾರತಕ್ಕೆ ಸೇರಿದ 1961ರ ನಂತರ, ಹೆಚ್ಚಾಗಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳದ್ದು. ಮನೆಯಲ್ಲಿ ದಖನಿ, ಪೇಟೆಯಲ್ಲಿ ಕನ್ನಡ ಮತ್ತು ಕೊಂಕಣಿ. ಬಿಜಾಪುರ, ಹುಬ್ಬಳ್ಳಿ ಕಡೆಯವರು ಹೆಚ್ಚಾಗಿ ಹನಫಿ ಪಂಥದವರು. ಭಟ್ಕಳ, ರತ್ನಾಗಿರಿ ಕಡೆಯವರು ಶಾಫಿಗಳು. ಸಂಜೆಯ ಅಸರ್ ಬಾಂಗಿನ ಹೊತ್ತು ಗಮನಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಮಧ್ಯಾಹ್ನದ ನೆರಳನ್ನು ಕಳೆದು, ವಸ್ತುವಿನ ನೆರಳು ಅದರ ಎತ್ತರದಷ್ಟೇ ಆದಾಗ ಶಾಫಿಗಳ ಅಸರ್ ಹೊತ್ತು ಶುರು, ಎರಡು ಪಟ್ಟಾದಾಗ ಹನಫಿಗಳದ್ದು. ಮೊದಲನೆಯದು ಹಡಗಿನ ದಾರಿಯಲ್ಲಿ ಬಂದ ರೂಢಿ, ಎರಡನೆಯದು ಘಟ್ಟದ ದಾರಿಯಲ್ಲಿ ಬಂದದ್ದು.